ಕುದುರೆ ಅಚ್ಚಿನ ಬೆಣ್ಣೆ

ಫಾಸೆಟ್ಟರ ಮನೆಯಲ್ಲಿ ಸೊಸೆಯರು ಇಬ್ಬರು, ಬೆಣ್ಣೆಯ ಅಚ್ಚು ಒಂದು. ಜಗಳಕ್ಕೆ ಇದಕ್ಕಿಂತ ಹೆಚ್ಚಿನ ಸರಂಜಾಮು ಬೇಕಿರಲಿಲ್ಲ.

ಅಚ್ಚು ಸೇಬಿನ ಮರದ್ದು, ಎರಡು ಬೆರಳಗಲದ್ದು. ಕತ್ತು ಬಳುಕಿಸಿ ಕೂತ ಹಂಸವೊಂದನ್ನು ಅದರಲ್ಲಿ ಆಳವಾಗಿ ಕೊರೆದಿತ್ತು. ಮನೆಯ ಯಜಮಾನಿ ತಾಮಸಿನ್‌ಗೆ ಅದನ್ನು ಕೊಟ್ಟವಳು ಅವಳ ಅತ್ತೆ. ತಾಮಸಿನ್ ಸೊಂಟ ಹಿಡಿದು, ಕಣ್ಣಿಗೆ ಪೊರೆ ಬಂದು, ಸಂತೆಗೆ ಹೋಗುವುದನ್ನು ಬಿಟ್ಟ ವರ್ಷ ಹಿರಿಯ ಮಗ ರಾಲ್ಫನ ಹೆಂಡತಿ ಮಾರ್ಜರಿಯ ಕೈಗೆ ಅದನ್ನಿಟ್ಟಳು. ನಮ್ಮ ಕಣಿವೆಯ ಸಂತೆಯಲ್ಲಿ ಬೆಣ್ಣೆಯನ್ನು ಮನೆಯ ಹೆಸರು ಹಿಡಿದು ಯಾರೂ ಕೇಳುವುದಿಲ್ಲ. ‘ಎಲೆ ಕೊಡಿ’, ‘ಹಸು ಕೊಡಿ’, ‘ಹಂಸ ಕೊಡಿ’ ಎಂದು ಅಚ್ಚಿನ ಹೆಸರಿನಲ್ಲೇ ವ್ಯಾಪಾರ. ಅಚ್ಚಿಲ್ಲದ್ದು ಬೋಳು ಬೆಣ್ಣೆ. ಎಲ್ಲರದೂ ಮುಗಿದ ಮೇಲೆ ಅದನ್ನು ಗಾಡಿಯ ಅಚ್ಚಿಗೆ ಹಚ್ಚುವುದಕ್ಕೆ ಕೊಂಡವರ ಹಾಗೆ ಮುಖ ಮಾಡಿಕೊಂಡು ಕೊಳ್ಳುತ್ತಾರೆ.

ಕಿರಿಯ ಸೊಸೆ ಜೆನೆಟ್‌ಳದು ಬೋಳು ಬೆಣ್ಣೆ. ಹತ್ತೊಂಬತ್ತರ ಹುಡುಗಿ, ಕುರಿಗಾಹಿಯ ಮಗಳು. ಹಿಂದಿನ ಶರತ್ಕಾಲದಲ್ಲಿ ಮೈಲ್ಸ್‌ನನ್ನು ಮದುವೆಯಾಗಿ ಎರಡು ಹಸು ಹೊಡೆದುಕೊಂಡು ಬಂದಿದ್ದಳು. ಅವಳ ಹಸುವಿನ ಹಾಲು ಅವಳದು, ಬೆಣ್ಣೆ ಅವಳದು, ಅದರಿಂದ ಬಂದ ಕಾಸು ಅವಳದು. ಅಷ್ಟು ನ್ಯಾಯ ಆ ಮನೆಯಲ್ಲಿತ್ತು. ಅಚ್ಚಿನ ವಿಷಯಕ್ಕೆ ಬಂದರೆ ಮಾತ್ರ ಇರಲಿಲ್ಲ.

“ಅಕ್ಕಾ, ನನ್ನ ನಾಲ್ಕು ಮುದ್ದೆಗೂ ಒಂದ್ಸಲ ಹಂಸ ಒತ್ತಿ ಕೊಡಕ್ಕ.”

“ಒತ್ತಬಹುದಿತ್ತು ಕಣಮ್ಮ. ನಿನ್ನ ಬೆಣ್ಣೇಲಿ ಮಜ್ಜಿಗೆ ಹಂಗೇ ನಿಂತಿರುತ್ತೆ. ನಾಳೆ ಹುಳಿ ಬಂದ್ರೆ ಹೆಸರು ಕೆಡೋದು ನನ್ನ ಹಂಸದ್ದು.”

“ನನ್ನ ಬೆಣ್ಣೆ ಮುಟ್ಟಿದ್ರೆ ನಿನ್ನ ಹಂಸ ಸತ್ತೋಗುತ್ತಾ?”

ಒಲೆಯ ಪಕ್ಕದಿಂದ ತಾಮಸಿನ್ ಕೋಲು ಕುಟ್ಟಿದಳು. “ಮನೆಗೊಂದೇ ಅಚ್ಚು, ಅದು ಹಿರಿಯಳ ಕೈಲಿರ್ಬೇಕು. ನಾನು ಸತ್ತ ಮೇಲೆ ಇಬ್ರೂ ಕಿತ್ತಾಡ್ಕೊಳ್ಳಿ.”

“ಅಲ್ಲೀವರೆಗೂ ಕಾಯೋದು ಯಾರು ಅತ್ತೆ?” ಎಂದಳು ಮಾರ್ಜರಿ. ಅವಳಿಗೆ ಮೂವತ್ತು ದಾಟಿತ್ತು, ಬಾಯಿಗೆ ಬೀಗವಿರಲಿಲ್ಲ.

ಜೆನೆಟ್‌ಗೆ ಹೊಟ್ಟೆ ಉರಿಯುತ್ತಿದ್ದದ್ದು ಅಚ್ಚೊಂದಕ್ಕೇ ಅಲ್ಲ. ಗಂಜಿ ಮೊದಲು ಮಾರ್ಜರಿಯ ಬಟ್ಟಲಿಗೆ ಬೀಳುತ್ತಿತ್ತು. ಬೀರುವಿನ ಬೀಗದ ಕೈ ಮಾರ್ಜರಿಯ ಸೊಂಟದಲ್ಲಿ ಗಿಲಿಗಿಲಿ ಅನ್ನುತ್ತಿತ್ತು. ಹಾಲು ಕೋಣೆಯ ಕಲ್ಲಿನ ಹಲಗೆಯ ಮೇಲೆ ಒಂದು ಪಾತ್ರೆಗೂ ಜಾಗವಿಲ್ಲದಂತೆ ಮಾರ್ಜರಿಯ ಅಗಲ ತಟ್ಟೆಗಳು ಕೂತಿದ್ದವು. ಕೊನೆಗೆ ಮೈಲ್ಸ್ ಹೆಂಡತಿಯ ಗೊಣಗಾಟ ತಡೆಯಲಾರದೆ, ಮೇ ತಿಂಗಳ ಒಂದು ಮಧ್ಯಾಹ್ನ, ಅವಳ ಪಾತ್ರೆಗಳಿಗೊಂದು ಗೂಡು ಮಾಡಿಕೊಡುತ್ತೇನೆಂದು ಹಾಲು ಕೋಣೆಯ ಉತ್ತರದ ಗೋಡೆಗೆ ಹಾರೆ ಹಾಕಿದ.

ಎರಡನೆಯ ಕಲ್ಲು ಕೀಳುವಾಗ ಒಳಗಿನಿಂದ ಒಂದು ಚರ್ಮದ ಚೀಲ ಬಿತ್ತು. ಒಣಗಿ ಕೊರಡಾಗಿತ್ತು. ಒಳಗೆ ಒಂದು ಗಿಡ್ಡ ಕತ್ತರಿ, ಒಂದು ಅರ, ಸುಟ್ಟು ಕರಿಹಿಡಿದ ಮಣ್ಣಿನ ಕುಡಿಕೆ, ಮತ್ತೆ ಕಬ್ಬಿಣದ ಎರಡು ತುಂಡು. ಒಂದನ್ನು ತುಕ್ಕು ತಿಂದಿತ್ತು. ಇನ್ನೊಂದನ್ನು ಯಾರೋ ಕೊಬ್ಬು ಬಳಿದ ಬಟ್ಟೆಯಲ್ಲಿ ಸುತ್ತಿದ್ದರು. ಅದರ ಮುಖದಲ್ಲಿ ಕತ್ತಿ ಎತ್ತಿ ಕುದುರೆ ಏರಿದ ಒಬ್ಬ ಮನುಷ್ಯ ಒಳಕ್ಕೆ ಕೊರೆದುಕೊಂಡಿದ್ದ. ಸುತ್ತ ಏನೋ ಗೀಚು. ಹಿಂದೆ ಒಂದು ಚೂಪು ಮೊಳೆ.

“ಯಾವನೋ ಕಮ್ಮಾರ ಮರೆತೋಗಿದಾನೆ” ಎಂದ ಮೈಲ್ಸ್.

“ಕಮ್ಮಾರನಿಗೆ ಕುದುರೆ ಚಿತ್ರ ಯಾಕ್ರೀ? ಇದು ಬೆಣ್ಣೆ ಅಚ್ಚು. ಹಿಡಿ ಕಳಚಿ ಹೋಗಿದೆ, ಮೊಳೆ ಉಳ್ಕೊಂಡಿದೆ ನೋಡಿ.”

ನಗಬೇಡಿ. ನಿಮಗೂ ನನಗೂ ಗೊತ್ತು, ಅದು ಹಳೆಯ ಅರ್ಧ ಕ್ರೌನ್ ನಾಣ್ಯದ ಮುಖ. ಖೋಟಾ ನಾಣ್ಯ ಹೊಡೆಯುವವನೊಬ್ಬ ಬಚ್ಚಿಟ್ಟು ಬಿಟ್ಟುಹೋದ ಸಲಕರಣೆ. ಆದರೆ ಹಳೆಯ ಬೆಳ್ಳಿಯನ್ನೆಲ್ಲ ಸರ್ಕಾರ ಹಿಂದಕ್ಕೆ ತೆಗೆದುಕೊಂಡು ಕರಗಿಸಿ ಮೂರು ವರ್ಷವಾಗಿತ್ತು. ಅದಕ್ಕೆ ಮೊದಲೂ ಆ ನಾಣ್ಯಗಳು ಕೈಯಿಂದ ಕೈಗೆ ಸವೆದು, ಬೆಳ್ಳಿ ಕದಿಯುವವರ ಕತ್ತರಿಗೆ ಅಂಚು ಕೊಟ್ಟು, ಕುದುರೆ ಕುದುರೆಯಾಗಿ ಉಳಿದಿರಲಿಲ್ಲ. ಕೂಲಿಗೆ ಜೋಳಿಗೆ ಓಟ್ಸು, ಒಂದು ಹೊರೆ ಉಣ್ಣೆ ತರುತ್ತಿದ್ದ ಕುರಿಗಾಹಿಯ ಮಗಳು ಅಂಥ ನಾಣ್ಯವನ್ನು ಕಣ್ಣರಳಿಸಿ ನೋಡಿದ್ದಾದರೂ ಯಾವಾಗ? ಅವಳ ಕಣ್ಣಿಗೆ ಲೋಕದಲ್ಲಿ ಒತ್ತುವ ವಸ್ತು ಒಂದೇ ಇತ್ತು, ಒತ್ತಿಸಿಕೊಳ್ಳುವ ವಸ್ತುವೂ ಒಂದೇ.

“ಅಮ್ಮನಿಗೆ ತೋರಿಸೋಣ” ಎಂದ ಮೈಲ್ಸ್.

“ಅತ್ತೆಗೆ ಹೇಳಿದ್ರೆ ಅಕ್ಕನಿಗೆ ಹೇಳಿದಂಗೇ. ಹಿರಿಯಳ ಹಕ್ಕು ಅಂತ ಕಿತ್ಕೋತಾಳೆ. ಬಾಯಿ ಮುಚ್ಕೊಂಡು ಇದಕ್ಕೊಂದು ಹಿಡಿ ಮಾಡ್ಕೊಡಿ.”

ಆ ಮನೆಯಲ್ಲಿ ಅದೇನೆಂದು ಹೇಳಬಲ್ಲವಳು ತಾಮಸಿನ್ ಒಬ್ಬಳೇ. ಅವಳಿಂದಲೇ ಮುಚ್ಚಿಟ್ಟರು. ಮೈಲ್ಸ್ ಹಿಡಿ ಮಾಡಿಕೊಟ್ಟ, ಅರವನ್ನು ತಾನಿಟ್ಟುಕೊಂಡ. ಗಿಡ್ಡ ಕತ್ತರಿ ರಾಲ್ಫನ ಕೈಗೆ ಹೋಯಿತು. ಕುರಿಯ ಗೊರಸು ಕತ್ತರಿಸುವುದಕ್ಕೆ ಅಷ್ಟು ಒಳ್ಳೆಯದು ಇನ್ನೊಂದಿಲ್ಲವೆಂದು ಅವನು ಅದನ್ನು ಪಕ್ಕದ ಮನೆಯ ಕ್ರೇಕ್‌ಗೂ ಎರವಲು ಕೊಟ್ಟ. ಕುಡಿಕೆಯಲ್ಲಿ ಜೆನೆಟ್ ಉಪ್ಪು ತುಂಬಿಟ್ಟಳು.

ಜೂನ್ ಮೊದಲ ಶನಿವಾರ ಸಂತೆಕಟ್ಟೆಯ ಮೇಲೆ ಹೊಸ ಬೆಣ್ಣೆ ಬಂತು. ಜೆನೆಟ್ ಅಚ್ಚನ್ನು ಮರಳು ಹಾಕಿ ಉಜ್ಜಿ, ತಣ್ಣೀರಲ್ಲಿ ಅದ್ದಿ ಅದ್ದಿ ಒತ್ತಿದ್ದಳು. ಪ್ರತಿ ಮುದ್ದೆಯ ನಡುವೆ ಕುದುರೆ ಸವಾರ ಕತ್ತಿ ಎತ್ತಿ ಹೊರಟಿದ್ದ. ಕುದುರೆಯ ತಲೆಯ ಮೇಲಿನ ಗರಿ ಕೂಡ ಎಣಿಸುವಷ್ಟು ಸ್ಪಷ್ಟ. ಮಕ್ಕಳು ಮುತ್ತಿದರು. ಮಕ್ಕಳ ಹಿಂದೆ ತಾಯಂದಿರು ಬಂದರು. ಒಂಬತ್ತು ವರ್ಷದಿಂದ ‘ಹಂಸ’ ಬಿಟ್ಟು ಬೇರೆ ಮುಟ್ಟದ ಹೆಸ್ಟರ್ ಕ್ರೇಕ್ ಎರಡು ‘ಕುದುರೆ’ ಕೊಂಡಳು. ಈ ವರ್ಷ ಸರದಿಯ ಪ್ರಕಾರ ಅವಳ ಗಂಡನೇ ಊರಿನ ಕಾನ್‌ಸ್ಟೇಬಲ್ ಆಗಿದ್ದರಿಂದ ಅವಳು ಕೊಂಡದ್ದನ್ನು ಉಳಿದವರೂ ಕೊಂಡರು.

“ಏನು ಹೆಸ್ಟರಕ್ಕ, ಹಂಸ ಬೇಜಾರಾಯ್ತಾ?” ಎಂದು ಮಾರ್ಜರಿ ನಗಲು ನೋಡಿದಳು.

“ಬೇಜಾರಲ್ಲಮ್ಮ, ನಿನ್ನ ಹಂಸ ಒಂಬತ್ತು ವರ್ಷದಿಂದ ಕೂತಲ್ಲೇ ಕೂತಿದೆ. ಇದು ನೋಡು, ಹೊರಟೇಬಿಟ್ಟಿದೆ.”

ಅಂದು ಮಾರ್ಜರಿಯ ಬುಟ್ಟಿಯಲ್ಲಿ ಮೂರು ಮುದ್ದೆ ವಾಪಸು ಬಂತು. ಒಂಬತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಊಟಕ್ಕೆ ಬಟಾಣಿ ಗಂಜಿ, ಒಂದು ತುಂಡು ಹಂದಿಮಾಂಸ. ರಾಲ್ಫ್ ರೊಟ್ಟಿ ಮುರಿಯುತ್ತ ಕೇಳಿದ, “ಏನೇ, ಹಂಸ ಈಜ್ಕೊಂಡು ಮನೆಗೇ ಬಂತಾ?”

ಮಾರ್ಜರಿ ಸೌಟನ್ನು ಗಡಿಗೆಗೆ ಎಸೆದಳು. ಗಂಜಿ ಅವನ ಅಂಗಿಗೆ ಸಿಡಿಯಿತು. “ನಿಮ್ಮ ತಮ್ಮನ ಹೆಂಡತೀನೇ ಬಡಿಸಲಿ. ಅವಳ ಕೈಗುಣ ದೊಡ್ಡದು.”

“ಅದ್ಯಾವ ಅಚ್ಚು ಕಿರಿಯಳದು?” ತಾಮಸಿನ್ ಗೋಡೆಯ ಕಡೆ ಮುಖ ಮಾಡಿ ಕೇಳಿದಳು. ಪೊರೆ ಬಂದ ಮೇಲೆ ಅವಳು ಮಾತಾಡುವಾಗ ಯಾರ ಕಡೆಯೂ ನೋಡುತ್ತಿರಲಿಲ್ಲ.

“ಕುದುರೆ ಅತ್ತೆ. ನಮ್ಮ ತವರಿಂದ ತರಿಸಿದ್ದು. ಅಜ್ಜಿ ಕಾಲದ್ದು.”

“ನಿಮ್ಮ ತವರಲ್ಲಿ ಮೇಕೆ ಬಿಟ್ರೆ ಏನಿತ್ತೇ?” ಎಂದಳು ಮಾರ್ಜರಿ.

“ಅಚ್ಚಿತ್ತು” ಎಂದಳು ಜೆನೆಟ್, ಮತ್ತು ಆ ದಿನ ಮೊದಲ ಸಲ ಎರಡನೇ ಬಟ್ಟಲು ಗಂಜಿ ಹಾಕಿಸಿಕೊಂಡಳು.

ಹೊಟ್ಟೆಕಿಚ್ಚು ಮನೆಯೊಳಗೆ ಜಾಗ ಬದಲಾಯಿಸಿತು, ಅಷ್ಟೆ. ಇಷ್ಟು ದಿನ ಕಿರಿಯಳ ಎದೆಯಲ್ಲಿದ್ದದ್ದು ಈಗ ಹಿರಿಯಳ ಎದೆಗೆ ಬಂತು, ಮತ್ತು ಬಲಿತವಳ ಎದೆಯಾದ್ದರಿಂದ ಚೆನ್ನಾಗಿಯೇ ಉರಿಯಿತು. ಮಾರ್ಜರಿ ಕೋಳಿ ಕೂಗುವ ಮೊದಲೇ ಎದ್ದು ಕಡೆಯತೊಡಗಿದಳು. ಬೆಣ್ಣೆಗೆ ಬಣ್ಣ ಬರಲೆಂದು ಕ್ಯಾರೆಟ್ ರಸ ಹಿಂಡಿದಳು. ತೂಕಕ್ಕೆ ಮೇಲೊಂದು ಚೂರು ಇಟ್ಟಳು. ಆದರೂ ಶನಿವಾರ ಶನಿವಾರ ‘ಕುದುರೆ’ ಮೊದಲು ಮುಗಿಯುತ್ತಿತ್ತು. ಹುಲ್ಲು ಕೊಯ್ಯುವ ದಿನಗಳಲ್ಲಿ ಒಮ್ಮೆ ತಾಮಸಿನ್, ರೊಟ್ಟಿಗೆ ಯಾರ ಬೆಣ್ಣೆ ಹಚ್ಚಿದೆಯೆಂದು ತಿಳಿಯದೆ, “ಇವತ್ತಿನದು ಚೆನ್ನಾಗಿದೆ ಮಾರ್ಜರಿ” ಎಂದಳು. ಅದು ಜೆನೆಟ್‌ಳದು. ಮಾರ್ಜರಿ ಹಟ್ಟಿಗೆ ಹೋಗಿ ಹಸುವಿನ ಮಗ್ಗುಲಲ್ಲಿ ನಿಂತು ಅತ್ತಳು. ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಹಸುವಿಗೊಂದು ಗುದ್ದಿದಳು.

ಅವಳು ಪತ್ತೇದಾರಿಯನ್ನೂ ಮಾಡಿದಳು. ಜೆನೆಟ್ ಅಚ್ಚನ್ನು ಯಾರಿಗೂ ತೋರಿಸದೆ ಪೀಪಾಯಿಯ ಹಿಂದೆ ಕೂತು ತೊಳೆಯುವುದನ್ನು ಬಾಗಿಲ ಸಂದಿನಿಂದ ನೋಡಿದಳು. ಅಚ್ಚನ್ನು ಕಲ್ಲಿನ ಮೇಲಿಟ್ಟಾಗ ಟಣ್ಣೆಂದಿತು. ಕಬ್ಬಿಣ! ಕಬ್ಬಿಣದಲ್ಲಿ ಬೆಣ್ಣೆಯ ಅಚ್ಚು ಮಾಡುವವರನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ. ಆ ಮಾತನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಳು.

ಜುಲೈ ಕೊನೆಯ ಶನಿವಾರ ಅದು ಹೊರಗೆ ಬಿತ್ತು. ಜೆನೆಟ್ ಉಪ್ಪು ತರುತ್ತೇನೆಂದು ಹೋಗಿದ್ದಳು. ಬುಟ್ಟಿಯ ಮೇಲೆ ಒಂದು ಕಣ್ಣಿಡು ಅಕ್ಕ ಎಂದಿದ್ದಳು. ಕುದುರೆ ವ್ಯಾಪಾರ ಬಿಟ್ಟು ಬೆಚ್ಚಗೆ ಕೂತಿದ್ದ ಮುದುಕ ಆಂಬ್ರೋಸ್ ಬೆಣ್ಣೆ ಕೊಳ್ಳಲು ಬಂದ. ನಮ್ಮಲ್ಲಿ ಬೆಣ್ಣೆಯ ರುಚಿ ನೋಡುವುದು ನಾಣ್ಯದ ಅಂಚಿನಿಂದ ಒಂಚೂರು ಕೆರೆದು. ಬೆರಳು ಹಾಕಿದರೆ ಮಾರುವವಳು ಬೆರಳು ಮುರಿಯುತ್ತಾಳೆ. ಆಂಬ್ರೋಸ್ ತೆಗೆದದ್ದು ಅಪ್ಪನ ಕಾಲದ ಒಂದು ಅರ್ಧ ಕ್ರೌನು. ಅದನ್ನು ಅವನು ಎಂದೂ ಖರ್ಚು ಮಾಡಿರಲಿಲ್ಲ, ಸರ್ಕಾರಕ್ಕೂ ಕೊಟ್ಟಿರಲಿಲ್ಲ. ಕೆರೆಯಲು ಹೋದವನು ಕೈ ತಡೆದು, ನಾಣ್ಯವನ್ನು ಬೆಣ್ಣೆಯ ಪಕ್ಕ ಹಿಡಿದ.

“ಇದ್ಯಾರಮ್ಮ, ನನ್ನ ಜೇಬಿನ ಕುದುರೆ ಕದ್ದೋರು?”

ಮಾರ್ಜರಿ ಬಗ್ಗಿ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಹೆಸ್ಟರಳೂ ನೋಡಿದಳು. ಅದೇ ಕತ್ತಿ, ಅದೇ ಗರಿ, ಅದೇ ಎತ್ತಿದ ಮುಂಗಾಲು.

“ಭಾರಿ ಕೈಚಳಕ” ಎಂದಳು ಹೆಸ್ಟರ್. “ಯಾರಮ್ಮ ಕೊರೆದಿದ್ದು?”

ಯಾರೋ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ಕೊರೆಯೋಕೆ ಅದೇನು ಮರವೇ ಹೆಸ್ಟರಕ್ಕ? ಅದು ಕಬ್ಬಿಣದ್ದು” ಎಂದಳು ಮಾರ್ಜರಿ.

ಆ ಮಾತು ಆಡುವಷ್ಟು ಹೊತ್ತು ತಾನು ಏನು ಆಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಅದು ಅವಳಿಗೆ ರುಚಿಯಾಗಿಯೂ ಇತ್ತು. ಮುಗಿದ ಮೇಲೆ ಜೆನೆಟ್‌ಳ ಬುಟ್ಟಿಗೆ ಬಟ್ಟೆ ಎಳೆದಳು. ಆಂಬ್ರೋಸ್ ನಾಣ್ಯವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, ಬೆಣ್ಣೆ ಕೊಳ್ಳದೆ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಹೆಸ್ಟರ್ ಮಾತ್ರ ಒಂದು ‘ಕುದುರೆ’ ಕೊಂಡು, ತಣ್ಣಗಿರಲೆಂದು ಎಲೆಯಲ್ಲಿ ಎರಡು ಸುತ್ತು ಸುತ್ತಿಸಿಕೊಂಡಳು.

ಭಾನುವಾರ ಚರ್ಚು ಬಿಟ್ಟಮೇಲೆ ಕಾನ್‌ಸ್ಟೇಬಲ್ ಕ್ರೇಕ್ ರಾಲ್ಫನನ್ನು ಮರದ ಮರೆಗೆ ಕರೆದ. ಒಳ್ಳೆಯ ಮನುಷ್ಯ, ಹೆಂಡತಿಗೆ ಹೆದರುವವನು.

“ರಾಲ್ಫ್, ನನ್ನ ಬೈಬೇಡ ಮಾರಾಯ. ನಮ್ಮೋಳು ನಿನ್ನೆ ನೇರ ನ್ಯಾಯಾಧೀಶರ ಮನೆಗೇ ಹೋಗಿ ಬೆಣ್ಣೆ ತೋರಿಸಿ, ಅಚ್ಚು ಕಬ್ಬಿಣದ್ದು ಅಂತ ಹೇಳಿ ಬಂದಿದಾಳೆ. ಖೋಟಾ ಹೊಡೆಯೋರನ್ನ ಹಿಡ್ಕೊಟ್ರೆ ನಲವತ್ತು ಪೌಂಡು ಕೊಡ್ತಾರಲ್ಲ, ಅದು ತಲೇಲಿ ಕೂತಿದೆ. ನಾಳೆ ಬೆಳಿಗ್ಗೆ ಕಾಗದ ಹಿಡ್ಕೊಂಡು ಮನೆ ಜಾಲಾಡ್ಬೇಕು ನಾನು. ಮರದ ಅಚ್ಚೊಂದು ತೋರಿಸ್ಬಿಡಿ. ತಪ್ಪಾಯ್ತು ಅಂದು ಹೋಗ್ತೀನಿ.”

“ತೋರಿಸದೇ ಇದ್ರೆ?”

ಕ್ರೇಕ್ ಟೋಪಿ ತಿರುಗಿಸಿದ. “ಅಂಥ ಸಲಕರಣೆ ಮನೇಲಿಟ್ಟುಕೊಂಡ್ರೇ ರಾಜದ್ರೋಹ ಕಣಯ್ಯ. ಗಂಡಸರಿಗೆ ನೇಣು. ಹೆಂಗಸರನ್ನ ಯಾರ್ಕ್ ಪಟ್ಟಣಕ್ಕೆ ಒಯ್ದು ಸುಡ್ತಾರೆ.”

ಅಡುಗೆಮನೆಯಲ್ಲಿ ರಾಲ್ಫ್ ಅಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಓಟ್ಸ್ ರೊಟ್ಟಿ ಹೆಂಚಿನ ಮೇಲೆ ಸೀದುಹೋಗಿತ್ತು. ಜೆನೆಟ್ ಮೂಲೆಗೆ ಹೋಗಿ ಅಚ್ಚು ತಂದು ಮೇಜಿನ ಮೇಲಿಟ್ಟಳು.

“ಬೆಣ್ಣೆ ಅಚ್ಚು ಅಂದ್ಕೊಂಡೆ ಅತ್ತೆ. ದೇವರಾಣೆ. ಗೋಡೇಲಿತ್ತು, ಒಂದು ಚೀಲದಲ್ಲಿ. ಜೊತೆಗೆ ಇನ್ನೊಂದು ಕಬ್ಬಿಣ, ಕತ್ತರಿ, ಅರ, ಕುಡಿಕೆ.”

ತಾಮಸಿನ್ ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದಳು. ಒಮ್ಮೆ ಸವರಿದಳು, ಇನ್ನೊಮ್ಮೆ ಸವರಿದಳು.

“ಲ್ಯಾನ್ಸಲಾಟ್” ಎಂದಳು. “ಎಲ್ಲಿ ಬಚ್ಚಿಟ್ನೋ ಅಂತ ನಿಮ್ಮ ಮಾವ ಮನೆಯೆಲ್ಲ ಹುಡುಕಿದ್ರು.”

“ಯಾರಮ್ಮ ಅದು?” ಎಂದ ಮೈಲ್ಸ್.

“ನಿಮ್ಮಪ್ಪನ ಅಣ್ಣ. ನಾನು ಈ ಮನೆಗೆ ಬಂದ ಎರಡನೇ ವರ್ಷದ ಮಾತು. ಕೈ ಚುರುಕು, ಮಾತು ಚುರುಕು, ನಮ್ಮತ್ತೆಗೆ ಅವನೇ ಮುದ್ದು. ಒಳ್ಳೆ ತುಂಡು ಅವನ ಬಟ್ಟಲಿಗೇ. ನಿಮ್ಮಪ್ಪನಿಗೆ ತಡೀಲಿಲ್ಲ. ಕಾನ್‌ಸ್ಟೇಬಲ್ ಹತ್ರ ಹೋಗಿ ಒಂದೇ ಮಾತು ಆಡಿದ್ರು, ‘ನಮ್ಮಣ್ಣನ ಜೇಬು ಯಾವಾಗ್ಲೂ ತುಂಬಿರುತ್ತೆ’ ಅಂತ. ಅಷ್ಟೇ. ಅವನಿಗೆ ಹೇಗೋ ಸುಳಿವು ಸಿಕ್ತು, ಬೆಳಗಾಗೋದ್ರೊಳಗೆ ಮನೆ ಬಿಟ್ಟ. ಸತ್ನೋ ಇದಾನೋ ದೇವರಿಗೇ ಗೊತ್ತು. ನಮ್ಮತ್ತೆ ಸಾಯೋ ತನಕ ಅವನ ಬಟ್ಟಲಿಗೂ ಗಂಜಿ ಬಡಿಸಿದ್ರು. ನಿಮ್ಮಪ್ಪ ದಿನಾ ಎದುರಿಗೆ ಆ ಬಟ್ಟಲು ನೋಡ್ಕೊಂಡು ಉಂಡ್ರು.” ಅವಳು ಕಬ್ಬಿಣವನ್ನು ಮೇಜಿನ ಮೇಲಿಟ್ಟಳು. “ಈಗ ಹೇಳಿ, ಇದು ಕಬ್ಬಿಣ ಅಂತ ಹೆಸ್ಟರ್‌ಗೆ ಹೇಳಿದ್ದು ಯಾರು?”

ಮಾರ್ಜರಿ ಸೀದ ರೊಟ್ಟಿಯನ್ನು ಕೆರೆಯುತ್ತಲೇ ಇದ್ದಳು.

“ಅಕ್ಕಾ” ಎಂದಳು ಜೆನೆಟ್. “ನಿನಗೆ ಗೊತ್ತಿತ್ತಾ, ನನ್ನ ಸುಡ್ತಾರೆ ಅಂತ?”

“ಸುಡೋದು ಗೊತ್ತಿರಲಿಲ್ಲ” ಎಂದಳು ಮಾರ್ಜರಿ. ಆಮೇಲೆ, “ಏನೋ ಆಗುತ್ತೆ ಅಂತ ಗೊತ್ತಿತ್ತು. ಆಗಲಿ ಅನ್ನಿಸ್ತು” ಎಂದಳು.

ಮೈಲ್ಸ್ ಕುರ್ಚಿ ಬೀಳಿಸಿಕೊಂಡು ಎದ್ದ. ರಾಲ್ಫ್ ಅಡ್ಡ ಬಂದ. ತಾಮಸಿನ್ ಕೋಲು ಮೇಜಿನ ಮೇಲೆ ಬಡಿದಳು. “ಹೊಡೆದಾಟ ನಾಳೆ ಇಟ್ಕೊಳ್ಳಿ. ಮೈಲ್ಸ್, ಆ ಕಬ್ಬಿಣ ಎರಡೂ, ಅರ, ಕುಡಿಕೆ, ಎಲ್ಲಾ ತಗೊಂಡು ಗುಡ್ಡದ ಮೇಲಿನ ಹಳೇ ಸೀಸದ ಗಣಿಗೆ ಹಾಕ್ಬಾ. ಹಿಡಿ ಮಾತ್ರ ಕಳಚಿ ಇಲ್ಲಿಡು. ಕತ್ತರಿ ಎಲ್ಲಿ?”

“ಕ್ರೇಕ್ ಹತ್ರ ಇದೆ” ಎಂದ ರಾಲ್ಫ್, ಮತ್ತು ತನ್ನ ಮಾತು ತನಗೇ ಕೇಳಿಸಿ ಕೂತುಬಿಟ್ಟ.

“ಅಲ್ಲೇ ಇರಲಿ. ಕಾನ್‌ಸ್ಟೇಬಲ್ ಮನೆ ಯಾರು ಜಾಲಾಡ್ತಾರೆ? ನೀನು ಒಂದು ಕುದುರೆ ಕೊರಿ.”

“ಕೊಟ್ಟಿಗೇಲಿ ಒಳ್ಳೆ ಮರದ ತುಂಡಿದೆ.”

“ಹೊಸ ಮರ ಹೆಸ್ಟರ್ ಮೂಗಿಗೆ ಬಡೀದೆ ಇರುತ್ತೇನೋ? ಅಜ್ಜಿ ಕಾ‍ಲದ್ದು ಅಂತ ಊರಿಗೆಲ್ಲ ಹೇಳಿಯಾಗಿದೆ. ವರ್ಷಗಟ್ಟಲೆ ಬೆಣ್ಣೆ ಕುಡಿದ ಮರ ಬೇಕು.”

ಅಂಥ ಮರ ಆ ಮನೆಯಲ್ಲಿ ಒಂದೇ ಇತ್ತು. ಅದು ಒಲೆಯ ಪಕ್ಕದ ಮೊಳೆಗೆ, ನೀಲಿ ದಾರದಲ್ಲಿ, ನೇತಾಡುತ್ತಿತ್ತು. ಎಲ್ಲರೂ ಅತ್ತ ನೋಡಿದರು. ಕಣ್ಣು ಕಾಣದ ತಾಮಸಿನ್‌ಳೂ ಅತ್ತಲೇ ತಿರುಗಿದಳು.

“ಅದು ಬೇಡ” ಎಂದಳು ಮಾರ್ಜರಿ. “ಈ ಮನೇಲಿ ನನ್ನದು ಅಂತ ಇರೋದು ಅದೊಂದೇ. ಮಕ್ಕಳಿಲ್ಲ. ಜಮೀನಿಲ್ಲ. ಸಂತೇಲಿ ನನ್ನನ್ನ ಹಂಸದಕ್ಕ ಅಂತಾರೆ. ಅದು ಹೋದ್ರೆ ಏನಂತಾರೆ?”

ಜೆನೆಟ್ ಎರಡೂ ಕೈಯಲ್ಲಿ ಏಪ್ರನ್ ಹಿಂಡುತ್ತ ನಿಂತಿದ್ದಳು. ಅಳುತ್ತಿರಲಿಲ್ಲ, ಬೇಡಲೂ ಇಲ್ಲ. ಬೇಡಿದ್ದರೆ ಮಾರ್ಜರಿಗೆ ಇಲ್ಲವೆನ್ನುವುದು ಸುಲಭವಾಗುತ್ತಿತ್ತು.

ಮಾರ್ಜರಿ ಎದ್ದು, ಹಂಸವನ್ನು ಮೊಳೆಯಿಂದ ತೆಗೆದು, ಗಂಡನ ಮುಂದೆ ಬಡಿದಳು. “ಕೊರೀರಿ. ನಾನು ನೋಡೋಕಾಗಲ್ಲ.” ಹೇಳಿದಳಷ್ಟೆ, ಕೊನೆಯವರೆಗೂ ಎದುರಿಗೇ ಕೂತು ನೋಡಿದಳು.

ಭಾನುವಾರ ಹಾಲು ಕರೆಯುವುದು ಬಿಟ್ಟು ಬೇರೆ ಕೆಲಸ ಮಾಡಿದರೆ ನಮ್ಮಲ್ಲಿ ದಂಡ. ಉಳಿಯ ಸದ್ದು ದಾರಿಗೆ ಕೇಳಬಾರದೆಂದು ತಾಮಸಿನ್ ಹೊಸ್ತಿಲಲ್ಲಿ ಕೂತು ಸ್ತೋತ್ರಗೀತೆ ಹಾಡಿದಳು. ಕಾಗೆಗಳು ಎದ್ದು ಹೋದವು. ದಾರಿಯಲ್ಲಿ ಹೋದವರು ಮುದುಕಿಯ ಭಕ್ತಿಗೆ ತಲೆದೂಗಿದರು. ಒಳಗೆ ರಾಲ್ಫ್ ಹಂಸದ ರೆಕ್ಕೆ ಹೆರೆದ, ಬಾಲ ಹೆರೆದ. ಕತ್ತು ಮಾತ್ರ ಹೋಗಲಿಲ್ಲ. ಅಷ್ಟು ಆಳಕ್ಕೆ ಕೊರೆದಿದ್ದರು. ಹೆರೆದರೆ ಮರವೇ ಮುಗಿಯುತ್ತಿತ್ತು. ಕೊನೆಗೆ ಹಂಸದ ಕತ್ತನ್ನೇ ಕುದುರೆಯ ಕತ್ತು ಮಾಡಿದ. ಅದರ ಮೇಲೊಬ್ಬ ಸವಾರನನ್ನು ಕೂರಿಸಿದ. ಹಂಸದ ಹಳೆಯ ಹಿಡಿ ಕಿತ್ತು, ಮೈಲ್ಸ್ ಮಾಡಿದ್ದ ಹಿಡಿಯನ್ನು ಹೊಡೆದ.

“ನಿನ್ನ ಹಂಸ ಎಲ್ಲಿ ಅಂತ ಕೇಳಿದ್ರೆ?” ಎಂದ ಅವನು.

ಅದನ್ನು ಯಾರೂ ಯೋಚಿಸಿರಲಿಲ್ಲ. ಹಿಂದಿನ ದಿನ ತಾನೆ ಹಂಸ, ಕುದುರೆ ಎರಡನ್ನೂ ಊರು ನೋಡಿತ್ತು.

“ಅದಕ್ಕೆ ನಾನಿದೀನಿ” ಎಂದಳು ಮಾರ್ಜರಿ. ಹಂಸದ ಹಿಡಿಯನ್ನು ನೀಲಿ ದಾರದ ಸಮೇತ ಒಲೆಗೆ ಹಾಕಿ, ಅರ್ಧ ಸುಟ್ಟ ಮೇಲೆ ಬೂದಿಗೆ ಎಳೆದಳು.

ಸೋಮವಾರ ಬೆಳಿಗ್ಗೆ ಕ್ರೇಕ್ ಬಂದ. ಜೊತೆಗೆ ಕಾಗದ ಹಿಡಿದ ಒಬ್ಬ ಗುಮಾಸ್ತ, ಹೆಂಗಸರ ಪೆಟ್ಟಿಗೆ ನೋಡಲು ಹೆಸ್ಟರ್. ಹಾಸಿಗೆ ಕೊಡವಿದರು, ಹಿಟ್ಟಿನ ಡಬ್ಬಕ್ಕೆ ಕೋಲು ಹಾಕಿದರು, ಹಾಲು ಕೋಣೆಯ ಹೊಸ ಗೂಡಿನೊಳಗೆ ಕೈಯಾಡಿಸಿದರು. ಗುಮಾಸ್ತ ಅಚ್ಚು ಕೇಳಿದ. ಜೆನೆಟ್ ಕೊಟ್ಟಳು. ಹೆಸ್ಟರ್ ಅದನ್ನು ಕಿತ್ತುಕೊಂಡು ಮೂಸಿದಳು, ನಾಲಿಗೆಯ ತುದಿ ಮುಟ್ಟಿಸಿದಳು. ಹಳೆಯ ಮರ, ಸಂಶಯವಿಲ್ಲ. ಬೆಣ್ಣೆಯ ಮೇಲೆ ಒತ್ತಿಸಿದಳು.

“ಸಂತೇಲಿದ್ದ ಕುದುರೆ ಕತ್ತು ಇಷ್ಟುದ್ದ ಇರಲಿಲ್ಲ.”

“ಬಿಸಿಲಲ್ಲಿ ಎರಡು ಹರದಾರಿ ಹೊತ್ರೆ ನಿನ್ನ ಕತ್ತೂ ಕುಗ್ಗುತ್ತೆ ಕಣೇ ಹೆಸ್ಟರ್” ಎಂದಳು ತಾಮಸಿನ್.

ಹೆಸ್ಟರ್ ಮೊಳೆಯ ಕಡೆ ನೋಡಿದಳು. “ಮಾರ್ಜರಿ, ನಿನ್ನ ಹಂಸ ಎಲ್ಲಿ?”

“ಸುಟ್ಟೆ.”

“ಏನು?”

ಮಾರ್ಜರಿ ಬೂದಿಯಿಂದ ಸುಟ್ಟ ಹಿಡಿ ತೆಗೆದು ಅವಳ ಮುಂದೆ ಹಿಡಿದಳು. ನೀಲಿ ದಾರದ ಒಂದು ಎಳೆ ಇನ್ನೂ ಅಂಟಿಕೊಂಡಿತ್ತು. “ಯಾರಿಗೆ ಬೇಕಿತ್ತು ಅದು? ನೀವೇ ಬೇಡ ಅಂದ್ರಲ್ಲ. ಒಂಬತ್ತು ವರ್ಷ ತಿಂದ ಬಾಯಲ್ಲೇ ಅಂದ್ರಿ. ಇವಳು ನಿನ್ನೆ ಮೊನ್ನೆ ಬಂದೋಳು. ಬೆಣ್ಣೆ ಹಿಂಡೋಕೂ ಬರಲ್ಲ. ಊರೆಲ್ಲ ಕುದುರೆ ಕುದುರೆ ಅಂತ ಇವಳ ಹಿಂದೆ ಓಡ್ತು. ನಮ್ಮತ್ತೇನೂ ಓಡಿದ್ರು. ನನಗೆ ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ. ಇವಳು ಸಾಯಲಿ ಅನ್ನಿಸ್ತು. ಅದಕ್ಕೆ ಅಂದೆ, ಕಬ್ಬಿಣ ಅಂತ. ಹೊಟ್ಟೆ ಉರಿದು ಸುಳ್ಳು ಹೇಳಿದೆ.”

ಕೊನೆಯ ಒಂದು ಮಾತು ಬಿಟ್ಟರೆ ಅದರಲ್ಲಿ ಸುಳ್ಳೇ ಇರಲಿಲ್ಲ. ಹೆಸ್ಟರ್ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ಶನಿವಾರ ಶನಿವಾರ ಸಂತೆಕಟ್ಟೆಯ ಮೇಲೆ ಅದೇ ಮುಖ ಕಪ್ಪಿಡುವುದನ್ನು ಕಂಡಿದ್ದಳು. ನಂಬದೆ ಏನು ಮಾಡುವುದು? ನಲವತ್ತು ಪೌಂಡು ಒಲೆಯ ಬೂದಿಯಲ್ಲಿ ಹೋಯಿತು.

“ಥೂ ನಿನ್ನ!” ಎಂದಳು.

ಕ್ರೇಕ್‌ಗೆ ಜೀವ ಬಂತು. ಎರಡು ಸಲ ತಪ್ಪಾಯ್ತು ಅಂದ. ಹೊಸ್ತಿಲು ದಾಟಿದವನು ತಿರುಗಿ ನಿಂತು, “ರಾಲ್ಫ್, ನಿನ್ನ ಆ ಗಿಡ್ಡ ಕತ್ತರಿ ಇನ್ನೆರಡು ವಾರ ಇರಲಿ ಕಣಯ್ಯ. ಗೊರಸಿಗೆ ಅದರಂಥದು ಇಲ್ಲ” ಎಂದ.

“ನೀನೇ ಇಟ್ಕೋಪ್ಪ” ಎಂದಳು ತಾಮಸಿನ್. “ಉಡುಗೊರೆ ಅಂದ್ಕೋ.”

ಇಷ್ಟಕ್ಕೆ ಹೆಸ್ಟರ್ ಬಿಡಲಿಲ್ಲ. ನ್ಯಾಯಾಧೀಶರ ಮುಂದೆ ಅವಳ ಮುಖ ಸಣ್ಣದಾಗಿತ್ತು. ಅದಕ್ಕೆ ಯಾರಾದರೂ ಬೆಲೆ ತೆರಬೇಕಿತ್ತು. ಮಾರ್ಜರಿ ಸ್ವಂತ ವಾರಗಿತ್ತಿಯ ಮೇಲೆ ಪ್ರಾಣ ಹೋಗುವಂಥ ಸುಳ್ಳು ಹೊರಿಸಿದಳೆಂದು ಪಾದ್ರಿಗೆ ದೂರು ಕೊಟ್ಟಳು. ಸೆಪ್ಟೆಂಬರಿನಲ್ಲಿ ಚರ್ಚಿನ ನ್ಯಾಯಸ್ಥಾನದಿಂದ ತೀರ್ಪು ಬಂತು: ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ಬರಿಗಾಲಲ್ಲಿ, ಬಿಳಿ ದುಪ್ಪಟಿ ಹೊದ್ದು, ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು.

“ಬೇಡಕ್ಕ, ನಾನು ಪಾದ್ರಿ ಹತ್ರ ಹೋಗಿ ಹೇಳ್ತೀನಿ” ಎಂದಳು ಜೆನೆಟ್.

“ಏನಂತ ಹೇಳ್ತೀಯ? ಅಕ್ಕ ನಿಜ ಹೇಳಿದ್ಲು, ನನ್ನ ಸುಡಿ ಅಂತಲಾ? ಹೋಗಿ ಹಾಲು ಕರಿ.”

ಆ ವಾರಗಳಲ್ಲಿ ಇಬ್ಬರೂ ಅಷ್ಟಾಗಿ ಮಾತಾಡಲಿಲ್ಲ. ಬೆಣ್ಣೆ ಒಂದೇ ಬುಟ್ಟಿಯಲ್ಲಿ, ಒಂದೇ ಅಚ್ಚಿನಲ್ಲಿ ಸಂತೆಗೆ ಹೋಗುತ್ತಿತ್ತು. ಜೆನೆಟ್ ಒಬ್ಬಳೇ ಹೋಗಿ ಮಾರಿ ಬರುತ್ತಿದ್ದಳು. ಹಂಸದಕ್ಕನನ್ನು ಈಗ ಊರು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾರ್ಜರಿ ಪಾದ್ರಿ ಹೇಳಿಕೊಟ್ಟದ್ದನ್ನು ಹಿಂದೆಯೇ ಹೇಳಿದಳು. “ನಾನು ಜೆನೆಟ್ ಫಾಸೆಟ್‌ಳ ಮೇಲೆ ಸುಳ್ಳು ಹೊರಿಸಿದೆ. ದುರ್ಬುದ್ಧಿಯಿಂದ, ಅಸೂಯೆಯಿಂದ ಹೊರಿಸಿದೆ. ದೇವರೂ ಅವಳೂ ನನ್ನನ್ನು ಕ್ಷಮಿಸಲಿ.” ಧ್ವನಿ ಗಟ್ಟಿಯಾಗಿಯೇ ಇತ್ತು. ನಡುವೆ ಹೆಂಗಸರ ಸಾಲಿನಲ್ಲಿ ಯಾರೋ “ಪಾಪ ಆ ಕೂಸು” ಎಂದು ಜೆನೆಟ್ ಕಡೆ ನೋಡಿ ಲೊಚಗುಟ್ಟಿದರು. ಎಲ್ಲರ ಕಣ್ಣೂ ಅತ್ತ ಹೊರಳಿತು, ಅಯ್ಯೋ ಅನ್ನುವ ಕಣ್ಣು. ಆಗ ಮಾರ್ಜರಿಯ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪ ಎಂದು ಊರು ತಿಳಿಯಿತು. ಎಲ್ಲಿಯ ಪಶ್ಚಾತ್ತಾಪ! ಅಲ್ಲಿ, ದುಪ್ಪಟಿ ಹೊದ್ದು ನಿಂತಾಗಲೂ, ಅವಳಿಗೆ ಹೊಟ್ಟೆ ಉರಿದಿತ್ತು.

ಪಾದ್ರಿ ಜೆನೆಟ್‌ಳನ್ನು ಕರೆದ. “ಕ್ಷಮಿಸುತ್ತೀಯಾ?”

ಜೆನೆಟ್ ಎದ್ದು ನಿಂತಳು. “ಕ್ಷಮಿಸಿದೀನಿ. ನಮ್ಮಕ್ಕ ನನಗೋಸ್ಕರ...” ಎಂದವಳು ತಾಮಸಿನ್ ಕೆಮ್ಮಿದ್ದರಿಂದ ನಿಲ್ಲಿಸಿದಳು. ಆಮೇಲೆ ಯಾರೂ ಹೇಳದೆ ತನ್ನ ಸಾಲಿನಿಂದ ಹೊರಬಂದು, ಮಾರ್ಜರಿಯ ಮುಂದೆ ಕಲ್ಲುನೆಲದ ಮೇಲೆ ಮಂಡಿಯೂರಿ, ಮೇಲುಹೊದಿಕೆಯ ಒಳಗಿನಿಂದ ಒಂದು ಜೊತೆ ಜೋಡು ತೆಗೆದಳು. ಮಾರ್ಜರಿಯದೇ ಜೋಡು.

ತಲೆ ಬಗ್ಗಿಸಿಕೊಂಡೇ, ಅವರಿಬ್ಬರಿಗೆ ಮಾತ್ರ ಕೇಳುವಂತೆ ಅಂದಳು: “ನಿಜ ಹೇಳಿದ್ದಕ್ಕೆ ನಿನ್ನ ಬೈಲಾ ಅಕ್ಕ, ಸುಳ್ಳು ಹೇಳಿದ್ದಕ್ಕೆ ಕಾಲು ಹಿಡೀಲಾ?”

“ಮೊದಲು ಜೋಡು ಹಾಕೇ” ಎಂದಳು ಮಾರ್ಜರಿ. “ನೆಲ ಕೊರೀತಿದೆ.”

ಜೋಡು ಬೆಚ್ಚಗಿತ್ತು. ಹುಡುಗಿ ಅಷ್ಟು ಹೊತ್ತೂ ಅದನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು.